ಹಳೆಯ ರೇಸ್ ಕಾರುಗಳ ಹಿಂಭಾಗದ ಚಾಸಿ ಮತ್ತು ಸಸ್ಪೆನ್ಷನ್ ಮಾರ್ಪಾಡು

ಹಳೆಯ ರೇಸ್ ಕಾರುಗಳ ಹಿಂಭಾಗದ ಚಾಸಿ ಮತ್ತು ಸಸ್ಪೆನ್ಷನ್ ಮಾರ್ಪಾಡು ಎಂದರೆ, ಕಾರಿನ ಹಿಂದಿನ ಚಕ್ರಗಳು, ಅವುಗಳನ್ನು ಹಿಡಿದಿರುವ ಅಚ್ಚು, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಾಗೂ ಇವು ಜೋಡಣೆಗೊಂಡಿರುವ ಚೌಕಟ್ಟಿನ ಭಾಗವನ್ನು ಬದಲಿಸುವ ಅಥವಾ ಬಲಪಡಿಸುವ ಕೆಲಸ. ತಿರುವಿನಲ್ಲಿ ಟೈರುಗಳು ನೆಲವನ್ನು ಬಿಡದಂತೆ ನೋಡಿಕೊಳ್ಳುವುದು ಇದರ ಮುಖ್ಯ ಉದ್ದೇಶ. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ಕಾರುಗಳಲ್ಲಿ ಈ ಭಾಗವು ಎಳೆತ, ಪಕ್ಕದ ಒತ್ತಡ ಮತ್ತು ಬ್ರೇಕಿನ ಬಲ ಮೂರನ್ನೂ ತಡೆದುಕೊಳ್ಳಬೇಕಾಗುತ್ತದೆ. ಆದುದರಿಂದ ಇಲ್ಲಿ ಮಾಡುವ ಸಣ್ಣ ಬದಲಾವಣೆಯೂ ಚಾಲಕನ ಸುರಕ್ಷತೆಯ ಮೇಲೆ ನೇರ ಪರಿಣಾಮ ಬೀರುತ್ತದೆ.

ಮೂಲ ತತ್ವ

ಎತ್ತಿನ ಗಾಡಿಯಲ್ಲಿ ಅಚ್ಚಿಗೂ ಗಾಡಿಯ ಚೌಕಟ್ಟಿಗೂ ನಡುವೆ ಸ್ಪ್ರಿಂಗು ಇರುವುದಿಲ್ಲ. ಹಳ್ಳದ ಪೆಟ್ಟು ನೇರವಾಗಿ ಮೇಲಕ್ಕೆ ತಲುಪುತ್ತದೆ. ಜಟಕಾ ಗಾಡಿಯಲ್ಲಿ ಉಕ್ಕಿನ ಪಟ್ಟಿಗಳ ಸ್ಪ್ರಿಂಗು ಆ ಪೆಟ್ಟನ್ನು ಹೀರಿಕೊಳ್ಳುತ್ತದೆ. ಕಾರಿನ ಸಸ್ಪೆನ್ಷನ್ ಈ ಎರಡನೆಯ ವ್ಯವಸ್ಥೆಯ ಮುಂದುವರಿದ ರೂಪ. ಆದರೆ ಪೆಟ್ಟನ್ನು ಹೀರುವುದರ ಜೊತೆಗೆ, ಚಕ್ರವು ಯಾವ ದಾರಿಯಲ್ಲಿ ಮೇಲೆ ಕೆಳಗೆ ಚಲಿಸಬೇಕೆಂಬುದನ್ನೂ ಅದು ನಿರ್ಧರಿಸುತ್ತದೆ.

ಕಾರು ತಿರುಗುವಾಗ ಭಾರವು ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ವರ್ಗವಾಗುತ್ತದೆ. ವರ್ಗವಾಗುವ ಭಾರವು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ ಮತ್ತು ಎಡಬಲ ಚಕ್ರಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಉದಾಹರಣೆಗೆ, 1000 ಕಿಲೋಗ್ರಾಂ ತೂಕದ ಕಾರಿನ ಗುರುತ್ವ ಕೇಂದ್ರ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದ್ದು, ಚಕ್ರಗಳ ಅಂತರ 125 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಬಹುದು. ಗುರುತ್ವಾಕರ್ಷಣೆಯ 0.7 ಪಟ್ಟು ಪಕ್ಕದ ವೇಗೋತ್ಕರ್ಷದಲ್ಲಿ 280 ಕಿಲೋಗ್ರಾಂ ಭಾರ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಗುರುತ್ವ ಕೇಂದ್ರವನ್ನು 5 ಸೆಂಟಿಮೀಟರ್ ತಗ್ಗಿಸಿದರೆ ಇದು 252 ಕಿಲೋಗ್ರಾಂಗೆ ಇಳಿಯುತ್ತದೆ. ರೇಸ್ ಕಾರುಗಳನ್ನು ನೆಲಕ್ಕೆ ಹತ್ತಿರವಾಗಿಸುವುದಕ್ಕೆ ಇದೇ ಕಾರಣ.

ಹಿಂಭಾಗದ ಸಸ್ಪೆನ್ಷನ್ ವಿಧಗಳು

ಗಟ್ಟಿ ಅಚ್ಚು: ಎರಡು ಚಕ್ರಗಳೂ ಡಿಫರೆನ್ಷಿಯಲ್ ಒಳಗೊಂಡ ಒಂದೇ ಅಚ್ಚಿನ ತುದಿಗಳಲ್ಲಿರುತ್ತವೆ. ಅಂಬಾಸಡರ್ ಮತ್ತು ಫಿಯಟ್ 1100 ಕಾರುಗಳಲ್ಲಿದ್ದುದು ಇದೇ ವ್ಯವಸ್ಥೆ. ಇವುಗಳಲ್ಲಿ ಅಚ್ಚನ್ನು ಎರಡು ಲೀಫ್ ಸ್ಪ್ರಿಂಗುಗಳು ಹೊತ್ತಿರುತ್ತವೆ. ರಚನೆ ಸರಳ, ಬಾಳಿಕೆ ಹೆಚ್ಚು. ಆದರೆ ಅಚ್ಚು ಬಹಳ ಭಾರವಾಗಿರುವುದರಿಂದ ಒರಟು ನೆಲದಲ್ಲಿ ಚಕ್ರಗಳು ಪುಟಿಯುತ್ತವೆ.

ಸ್ವಿಂಗ್ ಆಕ್ಸಲ್: ಡಿಫರೆನ್ಷಿಯಲ್ ಚಾಸಿಗೆ ಬಿಗಿಯಾಗಿದ್ದು, ಅದರ ಎರಡು ಪಕ್ಕದಿಂದ ಹೊರಡುವ ಅರ್ಧ ಅಚ್ಚುಗಳು ಬಾಗಿಲಿನ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತವೆ. ಇದು ಹಗುರ ಮತ್ತು ಅಗ್ಗ. ಆದರೆ ಚಕ್ರ ಕೆಳಗಿಳಿದಂತೆ ಅದರ ಓರೆಯೂ ಬದಲಾಗುತ್ತದೆ.

ಡಿ ಡಿಯಾನ್ ಅಚ್ಚು: ಫ್ರಾನ್ಸಿನ ಡಿ ಡಿಯಾನ್ ಬೂತೊನ್ ಸಂಸ್ಥೆಯ ಹೆಸರಿನಲ್ಲಿರುವ ಈ ವ್ಯವಸ್ಥೆಯಲ್ಲಿ ಡಿಫರೆನ್ಷಿಯಲ್ ಚಾಸಿಯ ಮೇಲಿರುತ್ತದೆ. ಚಕ್ರಗಳನ್ನು ಒಂದು ಹಗುರ ಕೊಳವೆ ಜೋಡಿಸಿರುವುದರಿಂದ ಅವು ಸದಾ ನೇರವಾಗಿ ನಿಲ್ಲುತ್ತವೆ.

ಸ್ವತಂತ್ರ ಸಸ್ಪೆನ್ಷನ್: ಪ್ರತಿ ಚಕ್ರವನ್ನೂ ಪ್ರತ್ಯೇಕ ತೋಳುಗಳು ಹಿಡಿದಿರುತ್ತವೆ. 1957ರ ಲೋಟಸ್ 12 ಕಾರಿನಲ್ಲಿ ಕಾಲಿನ್ ಚಾಪ್ಮನ್ ಬಳಸಿದ ಹಿಂಭಾಗದ ಸ್ಟ್ರಟ್ ಇದರ ಒಂದು ಪ್ರಸಿದ್ಧ ರೂಪ.

ಸ್ವಿಂಗ್ ಆಕ್ಸಲ್‌ನ ಅಪಾಯ

ತಿರುವಿನಲ್ಲಿ ಹೊರಗಿನ ಟೈರಿನ ಮೇಲೆ ಬೀಳುವ ಪಕ್ಕದ ಬಲವು, ಅರ್ಧ ಅಚ್ಚಿನ ಕೀಲು ಎತ್ತರದಲ್ಲಿರುವ ಕಾರಣ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಟೈರಿನ ಮೇಲೆ 250 ಕಿಲೋಗ್ರಾಂನಷ್ಟು ಪಕ್ಕದ ಬಲವಿದ್ದು, ಕೀಲು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲೂ ಟೈರಿನಿಂದ 60 ಸೆಂಟಿಮೀಟರ್ ದೂರದಲ್ಲೂ ಇದ್ದರೆ, ಮೇಲಕ್ಕೆತ್ತುವ ಬಲ 125 ಕಿಲೋಗ್ರಾಂನಷ್ಟಾಗುತ್ತದೆ. ಹಿಂಭಾಗ ಮೇಲೆದ್ದೊಡನೆ ಹೊರಗಿನ ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ, ಟೈರಿನ ಹಿಡಿತ ಥಟ್ಟನೆ ಕುಸಿಯುತ್ತದೆ. ಚಾಲಕನು ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಸ್ಥಿತಿ ಇನ್ನೂ ಬಿಗಡಾಯಿಸಿ ಕಾರು ಗಿರಕಿ ಹೊಡೆಯಬಹುದು ಅಥವಾ ಮಗುಚಬಹುದು.

ಈ ದೋಷವನ್ನು ರೇಸ್ ತಯಾರಕರು ಬೇಗನೆ ಗುರುತಿಸಿದರು. ಜರ್ಮನಿಯ ಮರ್ಸಿಡಿಸ್ ಸಂಸ್ಥೆಯು ತನ್ನ ಡಬ್ಲ್ಯು 25 ರೇಸ್ ಕಾರಿನ ಸ್ವಿಂಗ್ ಆಕ್ಸಲ್ ಬಿಟ್ಟು, 1937ರ ಡಬ್ಲ್ಯು 125ರಲ್ಲಿ ಡಿ ಡಿಯಾನ್ ಅಚ್ಚನ್ನು ಅಳವಡಿಸಿತು. ಆಟೋ ಯೂನಿಯನ್ 1938ರಲ್ಲಿ ಇದೇ ದಾರಿ ಹಿಡಿಯಿತು. 1954ರ ಡಬ್ಲ್ಯು 196ರಲ್ಲಿ ಮರ್ಸಿಡಿಸ್ ಮತ್ತೆ ಸ್ವಿಂಗ್ ಆಕ್ಸಲ್‌ಗೆ ಮರಳಿತಾದರೂ ಕೀಲನ್ನು ಬಹಳ ಕೆಳಗಿಳಿಸಿತ್ತು. ಅಮೆರಿಕದ ಷೆವ್ರೊಲೆ ಕೋರ್ವೇರ್ ಕಾರಿನ ಇಂತಹದೇ ವ್ಯವಸ್ಥೆಯನ್ನು ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ಆ ಬಳಿಕ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದಿತು.

ಸಾಮಾನ್ಯ ಮಾರ್ಪಾಡುಗಳು

ಸ್ಪ್ರಿಂಗು: ಲೀಫ್ ಸ್ಪ್ರಿಂಗಿನ ಬಿಗಿತವು ಪಟ್ಟಿಯ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. 5 ಮಿಲಿಮೀಟರ್ ಪಟ್ಟಿಗಳ ಬದಲು 6 ಮಿಲಿಮೀಟರ್ ಪಟ್ಟಿಗಳನ್ನು ಹಾಕಿದರೆ ಬಿಗಿತ ಸುಮಾರು ಶೇಕಡ 73ರಷ್ಟು ಹೆಚ್ಚುತ್ತದೆ. ದಪ್ಪದಲ್ಲಿ ಕಾಣುವ ವ್ಯತ್ಯಾಸ ಅಲ್ಪ, ಪರಿಣಾಮ ಮಾತ್ರ ದೊಡ್ಡದು. ಹಿಂಭಾಗವನ್ನು ಮಿತಿಮೀರಿ ಬಿಗಿಗೊಳಿಸಿದರೆ ತಿರುವಿನಲ್ಲಿ ಬಾಲ ಹೊರಕ್ಕೆ ಜಾರುತ್ತದೆ.

ಶಾಕ್ ಅಬ್ಸಾರ್ಬರ್: ಸ್ಪ್ರಿಂಗನ್ನು ಬದಲಿಸಿದಾಗ ಇದನ್ನೂ ಬದಲಿಸಬೇಕು. ಇಲ್ಲವಾದರೆ ಬಿಗಿಯಾದ ಸ್ಪ್ರಿಂಗಿನ ಕುಣಿತ ಶೀಘ್ರವಾಗಿ ನಿಲ್ಲದು. ಮೇಲಿನ ಉದಾಹರಣೆಯಲ್ಲಿ ಮೊದಲಿನಷ್ಟೇ ಹದ ಬೇಕಾದರೆ ತಡೆಬಲ ಸುಮಾರು ಶೇಕಡ 31ರಷ್ಟು ಹೆಚ್ಚಬೇಕು.

ಪನಾರ್ ರಾಡ್ ಮತ್ತು ವಾಟ್ ಸನ್ನೆ: ಗಟ್ಟಿ ಅಚ್ಚು ಪಕ್ಕಕ್ಕೆ ಜಾರದಂತೆ ತಡೆಯಲು ಒಂದು ತುದಿ ಚಾಸಿಗೂ ಇನ್ನೊಂದು ತುದಿ ಅಚ್ಚಿಗೂ ಸೇರುವ ಅಡ್ಡ ಸರಳನ್ನು ಬಳಸಲಾಗುತ್ತದೆ. ಇದು ಕಂಸಾಕಾರದಲ್ಲಿ ಚಲಿಸುವುದರಿಂದ ಅಚ್ಚು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಸರಳು ಉದ್ದವಾಗಿಯೂ ನೆಲಕ್ಕೆ ಸಮಾನಾಂತರವಾಗಿಯೂ ಇದ್ದಷ್ಟು ಈ ಸರಿತ ಕಡಿಮೆ. ಜೇಮ್ಸ್ ವಾಟ್ ಹಬೆಯಂತ್ರಕ್ಕಾಗಿ 1784ರಲ್ಲಿ ಪೇಟೆಂಟ್ ಪಡೆದ ಸನ್ನೆ ಜೋಡಣೆಯು ಅಚ್ಚನ್ನು ಹೆಚ್ಚುಕಡಿಮೆ ಸರಳರೇಖೆಯಲ್ಲೇ ನಡೆಸುತ್ತದೆ.

ಕೋನ ಸರಿಪಡಿಕೆ: ಸ್ವಿಂಗ್ ಆಕ್ಸಲ್ ಕಾರುಗಳ ಹಿಂಭಾಗವನ್ನು ತಗ್ಗಿಸಿ, ಚಕ್ರಗಳ ಮೇಲ್ತುದಿ ತುಸು ಒಳಕ್ಕೆ ವಾಲುವಂತೆ ಮಾಡಲಾಗುತ್ತದೆ. ಚಕ್ರ ಮಿತಿಮೀರಿ ಕೆಳಗಿಳಿಯದಂತೆ ತಡೆಯುವ ಪಟ್ಟಿಯನ್ನೋ ಹೆಚ್ಚುವರಿ ಸ್ಪ್ರಿಂಗನ್ನೋ ಸೇರಿಸುವುದೂ ಉಂಟು.

ಚಾಸಿಯನ್ನು ಬಲಪಡಿಸುವುದು

ಸಸ್ಪೆನ್ಷನ್ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಹಿಡಿದ ಚೌಕಟ್ಟು ತಿರುಚಿದರೆ ಪ್ರಯೋಜನವಿಲ್ಲ. ಆರಂಭದ ಕಾರುಗಳಲ್ಲಿ ಏಣಿಯಾಕಾರದ ಚಾಸಿ ಇತ್ತು. ನಂತರ ತೆಳು ಕೊಳವೆಗಳ ಹಂದರ ಬಂದಿತು. 1962ರ ಲೋಟಸ್ 25 ತಗಡಿನ ಪೆಟ್ಟಿಗೆಯಂತಹ ಮಾನೊಕಾಕ್ ರಚನೆಯನ್ನು ಫಾರ್ಮುಲಾ ಒನ್‌ಗೆ ತಂದಿತು. 1967ರ ಲೋಟಸ್ 49ರಲ್ಲಿ ಹಿಂಭಾಗದ ಚೌಕಟ್ಟನ್ನೇ ಕೈಬಿಟ್ಟು, ಎಂಜಿನ್ ಮತ್ತು ಗೇರ್ ಪೆಟ್ಟಿಗೆಗೆ ಸಸ್ಪೆನ್ಷನ್ನನ್ನು ಜೋಡಿಸಲಾಯಿತು.

ಹಳೆಯ ಚಾಸಿಗೆ ಬಿಗಿಯಾದ ಸ್ಪ್ರಿಂಗು ಮತ್ತು ಅಗಲವಾದ ಟೈರು ಹಾಕಿದಾಗ, ಮೂಲದಲ್ಲಿ ಲೆಕ್ಕ ಹಾಕದ ಬಲ ಜೋಡಣೆಯ ಸ್ಥಳಗಳ ಮೇಲೆ ಬೀಳುತ್ತದೆ. ಮೊದಲು ಅಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಹುಟ್ಟಿ, ಪ್ರತಿ ಓಟದಲ್ಲೂ ಬೆಳೆಯುತ್ತದೆ. ಆದ್ದರಿಂದ ಆ ಸ್ಥಳಗಳಿಗೆ ತಗಡಿನ ಪಟ್ಟಿ ಬೆಸೆದು ಬಲವನ್ನು ವಿಶಾಲ ಪ್ರದೇಶಕ್ಕೆ ಹಂಚಲಾಗುತ್ತದೆ. ಪಟ್ಟಿ ಅತಿ ದಪ್ಪವಾಗಿದ್ದರೆ ಅದರ ಅಂಚಿನಲ್ಲೇ ಹೊಸ ಬಿರುಕು ಕಾಣಿಸಿಕೊಳ್ಳುತ್ತದೆ. ಬೆಸುಗೆಯ ಬಿಸಿಯಿಂದಲೂ ತೆಳು ಕೊಳವೆ ದುರ್ಬಲವಾಗಬಹುದು. ಬಣ್ಣದ ದ್ರವ ಲೇಪಿಸಿ ಬಿರುಕು ಪತ್ತೆಹಚ್ಚುವುದು ಮಾರ್ಪಾಡಿಗೆ ಮುಂಚೆಯೂ ನಂತರವೂ ಅಗತ್ಯವಾದ ಪರೀಕ್ಷೆ.

ಭಾರತದಲ್ಲಿ

ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನ ಯುದ್ಧಕಾಲದ ವಿಮಾನ ಓಡುದಾರಿಯು ದಶಕಗಳ ಕಾಲ ದಕ್ಷಿಣ ಭಾರತದ ಮುಖ್ಯ ರೇಸ್ ಕಣವಾಗಿತ್ತು. 1990ರಲ್ಲಿ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿ ಶಾಶ್ವತ ರೇಸ್ ಪಥ ಬಂದಿತು. ಶೋಲಾವರಂನಲ್ಲಿ ಅಂಬಾಸಡರ್, ಫಿಯಟ್, ಹೆರಾಲ್ಡ್‌ಗಳಂತಹ ರಸ್ತೆಯ ಕಾರುಗಳನ್ನೇ ಮಾರ್ಪಡಿಸಿ ಓಡಿಸುತ್ತಿದ್ದರು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದಲ್ಲಿ ಎನ್‌ಸೈನ್ ಸಂಸ್ಥೆಯ ಹಳೆಯ ಫಾರ್ಮುಲಾ ಒನ್ ಕಾರನ್ನು ಅಲ್ಲಿ ಓಡಿಸಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಬಳಸಿ ಕಡಿಮೆ ವೆಚ್ಚದ ರೇಸ್ ಕಾರುಗಳನ್ನು ದೇಶದಲ್ಲೇ ತಯಾರಿಸಿದರು. ಅವರು 1995ರಲ್ಲಿ ನಿಧನರಾದರು. ಕೊಯಮತ್ತೂರಿನ ರೇಸ್ ಪಥಕ್ಕೆ ಅವರ ಹೆಸರನ್ನಿಡಲಾಗಿದೆ.

ಹಿಂಭಾಗದ ಮಾರ್ಪಾಡಿಗೆ ಭಾರತದ ಅತ್ಯುತ್ತಮ ಉದಾಹರಣೆ ಸ್ಟ್ಯಾಂಡರ್ಡ್ ಹೆರಾಲ್ಡ್. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಆಧಾರಿತವಾದ ಇದನ್ನು ಮದ್ರಾಸಿನಲ್ಲಿ 1961ರಿಂದ ತಯಾರಿಸಲಾಯಿತು. ಇದಕ್ಕೆ ಪ್ರತ್ಯೇಕ ಚಾಸಿ, ಹಿಂದೆ ಅಡ್ಡವಾಗಿ ಕೂರಿಸಿದ ಒಂದೇ ಲೀಫ್ ಸ್ಪ್ರಿಂಗು ಮತ್ತು ಸ್ವಿಂಗ್ ಆಕ್ಸಲ್ ಇದ್ದವು. ನಮ್ಮ ರಸ್ತೆಗಳಿಗೂ ಗ್ಯಾರೇಜುಗಳಿಗೂ ಇದು ಒಗ್ಗಲಿಲ್ಲ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಝೆಲ್ ಕಾರಿನಲ್ಲಿ ತಯಾರಕರು ಸ್ವಿಂಗ್ ಆಕ್ಸಲ್ ತೆಗೆದು ಗಟ್ಟಿ ಅಚ್ಚು ಅಳವಡಿಸಿದರು. ಬ್ರಿಟನ್ನಿನಲ್ಲಿ ಇದೇ ಸಮಸ್ಯೆಗೆ ಬೇರೆ ಪರಿಹಾರ ದೊರೆಯಿತು: 1970ರ ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಅಡ್ಡ ಸ್ಪ್ರಿಂಗಿನ ಬಹುತೇಕ ಪಟ್ಟಿಗಳು ನಡುವಿನಲ್ಲಿ ತಿರುಗಲು ಬಿಡಲಾಯಿತು. ಇದರಿಂದ ಹಿಂಭಾಗ ಮೇಲೇಳುವುದು ತಗ್ಗಿತು. ಒಂದೇ ದೋಷಕ್ಕೆ ಎರಡು ದೇಶಗಳಲ್ಲಿ ಎರಡು ಉತ್ತರಗಳು ಹುಟ್ಟಿದವು.

ಮೂಲಸ್ವರೂಪ ಮತ್ತು ಕಾನೂನು

ಹಳೆಯ ಕಾರನ್ನು ಸುರಕ್ಷಿತಗೊಳಿಸುವುದೂ ಅದರ ಮೂಲಸ್ವರೂಪ ಉಳಿಸುವುದೂ ಹಲವು ಬಾರಿ ಪರಸ್ಪರ ವಿರುದ್ಧವಾಗುತ್ತವೆ. ಅಂತರರಾಷ್ಟ್ರೀಯ ಐತಿಹಾಸಿಕ ರೇಸುಗಳಲ್ಲಿ ಕಾರು ತನ್ನ ಕಾಲದ ವಿವರಗಳಿಗೆ ಹೊಂದಬೇಕೆಂದು ಅಂತರರಾಷ್ಟ್ರೀಯ ಆಟೋಮೊಬೈಲ್ ಒಕ್ಕೂಟದ ನಿಯಮಾವಳಿ ಹೇಳುತ್ತದೆ. ಪ್ರತಿ ಕಾರಿಗೂ ತಾಂತ್ರಿಕ ಪಾಸ್‌ಪೋರ್ಟ್ ಇರಬೇಕು.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನೀಡಿದ ಮೂಲ ವಿವರಗಳಿಗೆ ನೋಂದಣಿ ಪತ್ರ ಹೊಂದದಂತಾಗುವ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ರೂಪಿಸಿ, 'ವಿಎ' ಅಕ್ಷರಗಳುಳ್ಳ ಸಂಖ್ಯಾ ಶ್ರೇಣಿಯನ್ನು ನೀಡಿತು. ಚಾಸಿ, ಹೊರಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾದ ವಾಹನ ಈ ವರ್ಗಕ್ಕೆ ಸೇರದು. ಹೀಗಾಗಿ ಹಿಂಭಾಗದ ಚೌಕಟ್ಟನ್ನು ಕತ್ತರಿಸಿ ಹೊಸದಾಗಿ ಬೆಸೆದ ಮಾಲೀಕರು ವಿಂಟೇಜ್ ಮಾನ್ಯತೆಯನ್ನೇ ಕಳೆದುಕೊಳ್ಳುವ ಸಂಭವವಿದೆ.

ಈ ಕಾರಣದಿಂದ ಅನುಭವಿಗಳು ಬೋಲ್ಟು ಬಿಚ್ಚಿದರೆ ಮೊದಲಿನ ಸ್ಥಿತಿಗೆ ಮರಳಬಹುದಾದ ಮಾರ್ಪಾಡುಗಳಿಗೆ ಆದ್ಯತೆ ನೀಡುತ್ತಾರೆ. ತೆಗೆದ ಮೂಲ ಭಾಗಗಳನ್ನು ಗುರುತುಚೀಟಿ ಸಹಿತ ಕಾಪಿಡುವುದು, ಅಳತೆಗಳನ್ನೂ ಛಾಯಾಚಿತ್ರಗಳನ್ನೂ ದಾಖಲಿಸುವುದು ವಾಡಿಕೆ. ಮುಂದೆ ಅದೇ ಕಾರನ್ನು ಓಡಿಸುವವರಿಗೆ ಅದರ ವರ್ತನೆ ಏಕೆ ಬದಲಾಯಿತೆಂದು ತಿಳಿಯಲು ಈ ದಾಖಲೆಯೇ ಆಧಾರ.