ನಳಿಗೆ ಎಷ್ಟುದ್ದ ಇರಬೇಕು?

ಬಂದೂಕಿನ ಚರಿತ್ರೆಯನ್ನು ಸಾಮಾನ್ಯವಾಗಿ ಹೊಸ ಹೊಸ ಆವಿಷ್ಕಾರಗಳ ಸಾಲಾಗಿ ಹೇಳುತ್ತಾರೆ. ಬತ್ತಿಯ ಕೋವಿ ಹೋಗಿ ಚಕಮಕಿಯದು ಬಂತು, ಚಕಮಕಿ ಹೋಗಿ ಕೇಪು ಬಂತು, ಕೇಪು ಹೋಗಿ ತೋಟಾ ಬಂತು. ಈ ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿಯುವುದು ನಳಿಗೆಯ ಉದ್ದ. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷ್ ಕಾಲಾಳು ಹೊರುತ್ತಿದ್ದ ಬಂದೂಕಿನ ನಳಿಗೆ 46 ಇಂಚು. 1994ರಿಂದೀಚೆಗೆ ಅಮೆರಿಕದ ಸೈನಿಕರ ಕೈಗೆ ಬಂದ ಎಂ4 ಕಾರ್ಬೈನಿನ ನಳಿಗೆ 14.5 ಇಂಚು. ಇನ್ನೂರೈವತ್ತು ಚಿಲ್ಲರೆ ವರ್ಷಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಉದ್ದ ಕರಗಿಹೋಗಿದೆ. ಅದನ್ನು ಕತ್ತರಿಸಿದವರು ಯಾರು? ಕತ್ತರಿಸುವಾಗ ನೋಡಿದ್ದು ಯಾರ ಅನುಕೂಲ? ಅದರ ಬೆಲೆ ತೆತ್ತವರು ಯಾರು?

ವಸಾಹತು ಕಾಲದ ಸೈನ್ಯಗಳ ಬಗ್ಗೆ ಓದುತ್ತಿರುವ ನನಗೆ ಈ ಪ್ರಶ್ನೆ ಮೊದಲಿಗೆ ಬರೀ ತಾಂತ್ರಿಕ ವಿವರವೆನಿಸಿತ್ತು. ಓದುತ್ತ ಹೋದಂತೆ ಅದು ಸೈನ್ಯವೊಂದು ತನ್ನ ಸಿಪಾಯಿಯನ್ನು ಯಾವ ಕಣ್ಣಿಂದ ನೋಡುತ್ತದೆ ಎಂಬುದನ್ನು ಹೇಳುವ ವಿವರವಾಗಿ ಕಾಣತೊಡಗಿತು.

ಮೊದಲು ಸ್ವಲ್ಪ ಭೌತಶಾಸ್ತ್ರ. ಮದ್ದು ಹತ್ತಿಕೊಂಡಾಗ ಅನಿಲವಾಗುತ್ತದೆ, ಆ ಅನಿಲ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ ಈ ತಳ್ಳುವಿಕೆ ಪೂರ್ತಿಯಾಗಿ ಕೆಲಸಕ್ಕೆ ಬರುತ್ತದೆ. ಹಾಗಾಗಿ ನಳಿಗೆ ಉದ್ದವಾದಷ್ಟೂ ಗುಂಡಿನ ವೇಗ ಹೆಚ್ಚು. ಆದರೆ ಮೊದಲ ಹತ್ತು ಇಂಚು ಕೊಡುವಷ್ಟು ಲಾಭವನ್ನು ಮುಂದಿನ ಹತ್ತು ಇಂಚು ಕೊಡುವುದಿಲ್ಲ, ಅದರ ಮುಂದಿನದು ಇನ್ನೂ ಕಡಿಮೆ. ಒಂದು ಹಂತದ ನಂತರ ಅನಿಲದ ಒತ್ತಡ ಕುಗ್ಗಿ, ಉಜ್ಜಾಟವೇ ಮೇಲುಗೈ ಪಡೆಯುತ್ತದೆ. ಉದ್ದ ನಳಿಗೆಯಿದ್ದರೆ ಗುರಿ ತಾನಾಗಿ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹಳೆಯ ಬಂದೂಕುಗಳಲ್ಲಿ ಕಣ್ಣಿನ ಬಳಿಯ ಗುರಿಗಂಡಿಗೂ ತುದಿಯ ಗುರಿಮೊನೆಗೂ ನಡುವಿನ ಅಂತರ ಹೆಚ್ಚಿದ್ದರೆ ಗುರಿಯಿಡುವಾಗಿನ ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುತ್ತಿತ್ತು. ಉದ್ದದಿಂದ ಸಿಗುತ್ತಿದ್ದ ಗುರಿಯ ಲಾಭ ಬಹುಮಟ್ಟಿಗೆ ಅಷ್ಟೇ. ಗಿಡ್ಡ ನಳಿಗೆಯಲ್ಲಿ ಮದ್ದಿನ ಒಂದಷ್ಟು ಭಾಗ ಬಾಯಿಯ ಹೊರಗೆ ಉರಿಯುತ್ತದೆ. ಅದರಿಂದ ಬೆಳಕು ಹೆಚ್ಚು, ಸದ್ದು ಹೆಚ್ಚು.

ಇಷ್ಟೇ ಆಗಿದ್ದರೆ ಲೆಕ್ಕ ಹಾಕಿ ಒಂದು ಸಂಖ್ಯೆ ಹೇಳಿಬಿಡಬಹುದಿತ್ತು. ಆದರೆ 46 ಇಂಚು ಬಂದದ್ದು ಈ ಲೆಕ್ಕವೊಂದರಿಂದಲೇ ಅಲ್ಲ. ಆಗಿನ ಕಾಲಾಳುಗಳು ಒತ್ತೊತ್ತಾಗಿ ಎರಡು ಮೂರು ಸಾಲುಗಳಲ್ಲಿ ನಿಂತು ಒಟ್ಟಿಗೆ ಈಡು ಹೊಡೆಯುತ್ತಿದ್ದರು. ಹಿಂದಿನ ಸಾಲಿನವನ ನಳಿಗೆಯ ಬಾಯಿ ಮುಂದಿನವನ ಮುಖವನ್ನು ದಾಟಿ ಆಚೆ ಇರಬೇಕಿತ್ತು, ಇಲ್ಲದಿದ್ದರೆ ಶತ್ರುವಿಗಿಂತ ಮೊದಲು ಸ್ವಂತ ಜೊತೆಗಾರನೇ ಸುಟ್ಟುಕೊಳ್ಳುತ್ತಿದ್ದ. ಕುದುರೆಯ ಮೇಲೆ ನುಗ್ಗಿ ಬರುವ ರಾವುತನನ್ನು ತಡೆಯಲು ಬಂದೂಕಿಗೆ ಬಯೊನೆಟ್ ಸಿಕ್ಕಿಸಿದಾಗ ಅದು ಈಟಿಯಷ್ಟು ಉದ್ದವಾಗಬೇಕಿತ್ತು. ಹೀಗೆ ನಳಿಗೆಯ ಉದ್ದವನ್ನು ಗುಂಡಿನ ವೇಗದಷ್ಟೇ ಪಕ್ಕದ ಸಿಪಾಯಿಯ ಮುಖ ಮತ್ತು ಎದುರಾಳಿಯ ಕುದುರೆಯೂ ತೀರ್ಮಾನಿಸುತ್ತಿದ್ದವು.

ಮುಂದೆ ಅದು 42 ಇಂಚಾಯಿತು. 39ಕ್ಕೆ ಇಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಕಂಪನಿ ವ್ಯಾಪಾರಿಗಳದು. ತನ್ನ ಸೈನ್ಯಕ್ಕೆ ಹಗುರ, ಅಗ್ಗ ಮತ್ತು ಬೇಗ ತಯಾರಾಗುವ ಬಂದೂಕು ಬೇಕು ಎಂದು ಅದು ಸರಳವಾದ ಮಾದರಿಯೊಂದನ್ನು ಮಾಡಿಸಿಕೊಳ್ಳುತ್ತಿತ್ತು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರಕ್ಕೆ ಬಂದೂಕುಗಳ ಅಭಾವ ಕಾಡಿತು. ಅದು ಕಂಪನಿಯ ದಾಸ್ತಾನಿಗೇ ಕೈಹಾಕಬೇಕಾಯಿತು. 1797ರಲ್ಲಿ ಕಂಪನಿಯ ಮಾದರಿಯನ್ನೇ ತನ್ನದಾಗಿಸಿಕೊಂಡಿತು. ‘ಇಂಡಿಯಾ ಪ್ಯಾಟರ್ನ್’ ಎಂಬ ಹೆಸರಿನ ಆ ಬಂದೂಕೇ ಮುಂದೆ ವಾಟರ್ಲೂವರೆಗೆ ಬ್ರಿಟಿಷ್ ಕಾಲಾಳಿನ ಮುಖ್ಯ ಆಯುಧವಾಯಿತು. ನೆಪೋಲಿಯನ್ನನನ್ನು ಸೋಲಿಸಿದ ಸೈನ್ಯದ ನಳಿಗೆಯ ಅಳತೆ ನಿಶ್ಚಯವಾದದ್ದು, ಭಾರತದಲ್ಲಿ ಖರ್ಚು ಉಳಿಸಲು ಹೊರಟ ಒಂದು ವ್ಯಾಪಾರಿ ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ! 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರ ಪೈಕಿ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಈ ಬಗೆಯ ಬಂದೂಕು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಹುಲಿಯ ಗುರುತು ಹೊತ್ತು ತಯಾರಾದ ಸೊಗಸಾದ ಬಂದೂಕುಗಳು ಇಂದು ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಅವುಗಳ ಮುಂದೆ ಕಂಪನಿಯದು ಒರಟು ಸಾಮಾನು. ಆದರೆ ಅದು ಸಾವಿರಗಟ್ಟಲೆ ಇತ್ತು.

ಅಗ್ಗದ ಅಳತೆಗೆ ಬೆಲೆ ಇರುತ್ತದೆ. 1842ರಲ್ಲಿ ಕಾಬೂಲಿನಿಂದ ಹಿಂದೆ ಸರಿಯುತ್ತಿದ್ದ ಬ್ರಿಟಿಷ್ ಪಡೆಯ ಮೇಲೆ ಅಫ್ಘನ್ನರು ಬೆಟ್ಟದ ಇಳಿಜಾರುಗಳಿಂದ ಜಜೈಲ್ ಎಂಬ ಉದ್ದ ನಳಿಗೆಯ ಕೋವಿಗಳಿಂದ ಹೊಡೆದರು. ಜಜೈಲನ್ನು ತುಂಬಲು ಹೊತ್ತು ಹಿಡಿಯುತ್ತಿತ್ತು, ಸಾಲಿನಲ್ಲಿ ನಿಂತು ಹೊಡೆಯಲು ಅದು ನಾಲಾಯಕ್ಕು. ಆದರೆ ಬಂಡೆಯ ಮರೆಯಲ್ಲಿ ಕೂತವನಿಗೆ ಅವಸರವಿಲ್ಲ. ಕಂಪನಿಯ ಬಂದೂಕಿನ ಗುಂಡು ಮುಟ್ಟಲಾರದ ದೂರದಿಂದ ಅವನು ಒಬ್ಬೊಬ್ಬರನ್ನೇ ಆರಿಸಿಕೊಂಡು ಹೊಡೆಯಬಲ್ಲವನಾಗಿದ್ದ. ಆ ಕಣಿವೆಗಳಲ್ಲಿ ಚಳಿಗೂ ಗುಂಡಿಗೂ ಸತ್ತವರಲ್ಲಿ ದೊಡ್ಡ ಪಾಲು ಹಿಂದೂಸ್ತಾನದ ಸಿಪಾಯಿಗಳು ಮತ್ತು ಪಾಳೆಯದ ಚಾಕರರು.

1853ರ ಎನ್‌ಫೀಲ್ಡ್ ರೈಫಲ್ ಬರುವ ಹೊತ್ತಿಗೆ ನಳಿಗೆಯ ಉದ್ದವೆಂಬುದು ಸೈನ್ಯದೊಳಗಿನ ಅಂತಸ್ತಿನ ಗುರುತೂ ಆಗಿತ್ತು. ಕಾಲಾಳಿಗೆ 39 ಇಂಚು, ರೈಫಲ್ ರೆಜಿಮೆಂಟಿನವರಿಗೂ ಸಾರ್ಜೆಂಟರಿಗೂ 33, ಫಿರಂಗಿ ದಳದವರಿಗೆ 24, ಅಶ್ವದಳಕ್ಕೆ 21. ಈ ಕೊನೆಯವುಗಳಿಗೆ ಕಾರ್ಬೈನ್ ಎಂದು ಹೆಸರು. ರಾವುತನ ನಿಜವಾದ ಆಯುಧ ಕತ್ತಿ, ಫಿರಂಗಿಯವನದು ಫಿರಂಗಿ. ಅವರಿಗೆ ಬಂದೂಕು ಕಷ್ಟಕಾಲಕ್ಕೆ ಮಾತ್ರ, ಹಾಗಾಗಿ ಗಿಡ್ಡದಾದರೂ ಸಾಕು ಎಂಬುದು ಆಗಿನ ತಿಳಿವಳಿಕೆ.

1857ರ ದಂಗೆಗೆ ಕಿಡಿಯಾದದ್ದು ಇದೇ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾ ಎಂಬುದು ಎಲ್ಲರಿಗೂ ಗೊತ್ತು. ದಂಗೆಯ ನಂತರ ನಡೆದದ್ದು ಅಷ್ಟು ಪ್ರಸಿದ್ಧವಲ್ಲ. ಭಾರತೀಯ ಸಿಪಾಯಿಗಳಿಗೆಂದೇ ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಇರುವ ಬಂದೂಕೊಂದನ್ನು ಸಿದ್ಧಪಡಿಸಿದರು. ಒಳಗೆ ಮಾತ್ರ ಗುಂಡನ್ನು ತಿರುಗಿಸುವ ಸುರುಳಿಗೆರೆಗಳು ಇರಲಿಲ್ಲ, ನಳಿಗೆ ನುಣುಪು. ಗೋರಾ ಸೈನಿಕನ ಗುಂಡು ನೂರಾರು ಗಜ ನೇರ ಹೋಗುವಾಗ ಸಿಪಾಯಿಯದು ನೂರು ಗಜದಾಚೆಗೆ ದಿಕ್ಕು ತಪ್ಪುತ್ತಿತ್ತು. ಕವಾಯತಿನ ಮೈದಾನದಲ್ಲಿ ಸಾಲಾಗಿ ನಿಂತರೆ ಇಬ್ಬರೂ ಸಮಾನರಂತೆ ಕಾಣುತ್ತಿದ್ದರು. ಅಪನಂಬಿಕೆಯನ್ನು ನಳಿಗೆಯೊಳಗೆ ಬಚ್ಚಿಡಬಹುದು ಎಂದು ನನಗೆ ಮನವರಿಕೆಯಾದದ್ದು ಈ ಬಂದೂಕಿನ ಬಗ್ಗೆ ಓದಿದಾಗ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಾಗ ಹಳೆಯ ಲೆಕ್ಕಗಳೆಲ್ಲ ಬದಲಾದವು. ಹೊಸ ಮದ್ದು ಸ್ವಲ್ಪ ಪ್ರಮಾಣದಲ್ಲೇ ಹೆಚ್ಚು ಶಕ್ತಿ ಕೊಡುತ್ತಿದ್ದುದರಿಂದ ನಳಿಗೆ ಅಷ್ಟುದ್ದ ಇರಲೇಬೇಕೆಂಬ ಒತ್ತಾಯ ಸಡಿಲವಾಯಿತು. ಆದರೂ ಸೈನ್ಯಗಳ ಅಭ್ಯಾಸ ಬೇಗ ಬದಲಾಗಲಿಲ್ಲ. ಬ್ರಿಟಿಷ್ ಕಾಲಾಳಿನ ಲೀ-ಎನ್‌ಫೀಲ್ಡ್ 30.2 ಇಂಚಿನ ನಳಿಗೆ ಹೊತ್ತರೆ, ರಾವುತನ ಕಾರ್ಬೈನಿನದು 20.75 ಇಂಚು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧ ಇವೆರಡನ್ನೂ ಅಣಕಿಸಿತು. ಬೋಯರ್ ರೈತರು ಕುದುರೆಯ ಮೇಲೆ ಬರುತ್ತಿದ್ದರು, ಇಳಿದು ಉದ್ದ ನಳಿಗೆಯ ಮೌಸರ್ ರೈಫಲಿನಿಂದ ಹೊಡೆಯುತ್ತಿದ್ದರು, ಮತ್ತೆ ಹತ್ತಿ ಮಾಯವಾಗುತ್ತಿದ್ದರು. ಅವರು ರಾವುತರೂ ಹೌದು, ಕಾಲಾಳುಗಳೂ ಹೌದು. ಬ್ರಿಟಿಷ್ ರಾವುತನ ಕಾರ್ಬೈನು ಅವರ ದೂರಕ್ಕೆ ಸಾಟಿಯಾಗಲಿಲ್ಲ.

ಇದಕ್ಕೆ ಬ್ರಿಟನ್ ಕಂಡುಕೊಂಡ ಉತ್ತರ ಎಲ್ಲರಿಗೂ ಒಂದೇ ರೈಫಲ್. ನಳಿಗೆ 25.2 ಇಂಚು, ಅಂದರೆ ಉದ್ದ ರೈಫಲ್ಲಿಗೂ ಕಾರ್ಬೈನಿಗೂ ಹೆಚ್ಚುಕಡಿಮೆ ನಟ್ಟನಡುವೆ. ಇದರ ಮೇಲೆ ದೊಡ್ಡ ಗಲಾಟೆಯೇ ಎದ್ದಿತು. ಗುರಿ ಸ್ಪರ್ಧೆಗಳಲ್ಲಿ ಪಳಗಿದವರೂ ಬಂದೂಕು ತಯಾರಕರೂ ಇದು ಕಾಲಾಳಿಗೆ ಗಿಡ್ಡ, ರಾವುತನಿಗೆ ಉದ್ದ, ಯಾರಿಗೂ ಒಗ್ಗದ್ದು ಎಂದು ಹೀಗಳೆದರು. ಬಯೊನೆಟ್ಟಿನ ನಿಲುಕು ಕಡಿಮೆಯಾಯಿತಲ್ಲ ಎಂಬ ಆತಂಕವೂ ಇತ್ತು. ಅದಕ್ಕೆ ಸೈನ್ಯ ಮಾಡಿದ ಉಪಾಯ ನೋಡಿ: 1903ರ ಬಯೊನೆಟ್ಟಿನ ಅಲಗು 12 ಇಂಚು ಇದ್ದದ್ದನ್ನು 1907ರ ಮಾದರಿಯಲ್ಲಿ 17 ಇಂಚು ಮಾಡಿತು. ನಳಿಗೆಯಲ್ಲಿ ಕಳೆದ ಐದು ಇಂಚು ಬಯೊನೆಟ್ಟಿನಲ್ಲಿ ಮರಳಿ ಬಂತು! 1914ರಲ್ಲಿ ಯುದ್ಧ ಬಂದಾಗ ಈ ರೈಫಲ್ಲಿಗೆ ಹೆಸರು ತಂದದ್ದು ಅದರ ವೇಗವಾದ ಬೋಲ್ಟು ಮತ್ತು ಹತ್ತು ತೋಟಾ ಹಿಡಿಯುವ ಮ್ಯಾಗಜೀನು. ಅಷ್ಟೆಲ್ಲ ಜಗಳವಾಡಿದ್ದ ನಳಿಗೆಯ ಉದ್ದದ ಬಗ್ಗೆ ಕಂದಕದಲ್ಲಿದ್ದವರು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಅಲ್ಲಿ ಸಾವಿರ ಗಜ ದೂರ ಕಾಣುತ್ತಲೇ ಇರಲಿಲ್ಲ.

ಅದೇ ರೈಫಲ್ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮದೂ ಆಯಿತು. ‘ತ್ರೀ ನಾಟ್ ತ್ರೀ’ ಎಂದು ನಾವು ಕರೆಯುವುದು ಇದನ್ನೇ. 1962ರಲ್ಲಿ ಚೀನಾದ ಸೈನಿಕರು ತಾನಾಗಿ ಮರುತುಂಬಿಕೊಳ್ಳುವ ರೈಫಲ್ಲುಗಳೊಂದಿಗೆ ಬಂದಾಗ ನಮ್ಮ ಬಹುಪಾಲು ಜವಾನರು ಹಿಮದಲ್ಲಿ ಪ್ರತಿ ಈಡಿಗೂ ಇದರ ಬೋಲ್ಟು ಎಳೆಯುತ್ತಿದ್ದರು. ಬೋಯರ್ ಯುದ್ಧದ ಪಾಠದಿಂದ ಹುಟ್ಟಿದ ಆಯುಧ ಅರವತ್ತು ವರ್ಷಗಳ ನಂತರ ಇನ್ನೊಂದು ಯುದ್ಧದ ಪಾಠವಾಯಿತು.

ಗಿಡ್ಡ ಮಾಡುವುದಕ್ಕೂ ಒಂದು ಮಿತಿಯಿದೆ ಎಂಬುದು 1944ರಲ್ಲಿ ಗೊತ್ತಾಯಿತು. ಅದೇ ಲೀ-ಎನ್‌ಫೀಲ್ಡನ್ನು ಇನ್ನೂ ಹಗುರ ಮಾಡಿ, ನಳಿಗೆಯನ್ನು 19 ಇಂಚಿನ ಆಸುಪಾಸಿಗೆ ಇಳಿಸಿ ‘ಜಂಗಲ್ ಕಾರ್ಬೈನ್’ ತಯಾರಿಸಿದರು. ಹೊತ್ತು ನಡೆಯಲು ಹಿತ. ಆದರೆ ತೋಟಾ ಹಳೆಯದೇ ಆದ್ದರಿಂದ ಹೆಗಲಿಗೆ ಕೊಡುವ ಒದೆತ ಜೋರು. ಬಾಯಿಂದ ಹೊಮ್ಮುವ ಬೆಂಕಿಯನ್ನು ಮರೆಮಾಡಲು ತುದಿಗೆ ಆಲಿಕೆಯಂಥ ಕೊಳವೆ ಸಿಕ್ಕಿಸಬೇಕಾಯಿತು. ಗುರಿ ಒಂದೆಡೆ ನಿಲ್ಲುವುದಿಲ್ಲವೆಂಬ ದೂರುಗಳೂ ಬಂದವು. ತೋಟಾವನ್ನು ಹಾಗೆಯೇ ಇಟ್ಟು ನಳಿಗೆಯನ್ನು ಮಾತ್ರ ಕತ್ತರಿಸಿದರೆ ಹೀಗಾಗುತ್ತದೆ. ಅಮೆರಿಕನ್ನರು 1941ರಲ್ಲೇ ಬೇರೆ ದಾರಿ ಹಿಡಿದಿದ್ದರು. ತಮ್ಮ ಎಂ1 ಕಾರ್ಬೈನಿಗೆ 18 ಇಂಚಿನ ನಳಿಗೆಯ ಜೊತೆ ಅದಕ್ಕೆ ತಕ್ಕ ಪುಟ್ಟ ತೋಟಾವನ್ನೂ ಹೊಸದಾಗಿ ಮಾಡಿಸಿದ್ದರು.

ಅಮೆರಿಕದಲ್ಲಿ ಇಂದು ಕಾರ್ಬೈನನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳುವ ಹವ್ಯಾಸಿಗಳು ನಳಿಗೆಯ ಉದ್ದದ ಬಗ್ಗೆ ದಿನಗಟ್ಟಲೆ ವಾದಿಸುತ್ತಾರೆ. ಅವರಲ್ಲಿ ಬಹಳ ಮಂದಿ ಕೊನೆಗೆ ಬಂದು ನಿಲ್ಲುವ ಸಂಖ್ಯೆ 16. ಇದು ಭೌತಶಾಸ್ತ್ರ ಕೊಟ್ಟದ್ದಲ್ಲ, ಶಾಸನ ಕೊಟ್ಟದ್ದು. ಕೋಟಿನೊಳಗೆ ಬಚ್ಚಿಡಬಲ್ಲ ಕತ್ತರಿಸಿದ ಬಂದೂಕುಗಳ ಭಯದಿಂದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆ 18 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ಲುಗಳಿಗೆ ನೋಂದಣಿಯನ್ನೂ 200 ಡಾಲರ್ ತೆರಿಗೆಯನ್ನೂ ಹೇರಿತು. 1960ರಲ್ಲಿ ರೈಫಲ್ಲುಗಳ ಮಟ್ಟಿಗೆ ಆ ಗೆರೆ 16ಕ್ಕೆ ಇಳಿಯಿತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಕೂಡ ಪರವಾನಗಿಯಿಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದನ್ನು ನಿಷೇಧಿಸುತ್ತದೆ. ಸೈನ್ಯಕ್ಕೆ ಗಿಡ್ಡ ನಳಿಗೆ ಅನುಕೂಲವಾದರೆ, ಪ್ರಭುತ್ವಕ್ಕೆ ಪ್ರಜೆಯ ಕೈಯಲ್ಲಿರುವ ಗಿಡ್ಡ ನಳಿಗೆ ಅಪಾಯ. ಅದೇ ವಸ್ತು, ಹಿಡಿದ ಕೈ ಬೇರೆ.

ಎಂ16ರ 20 ಇಂಚಿನಿಂದ ಎಂ4ರ 14.5ಕ್ಕೆ ಇಳಿದಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 950 ಮೀಟರಿನಿಂದ 900ರ ಆಸುಪಾಸಿಗೆ ಬಂತು. ಕಡಿಮೆಯಾದದ್ದು ಸ್ವಲ್ಪವೇ. ಆದರೆ ಆ ಹಗುರ ಗುಂಡಿನ ಪರಿಣಾಮ ಬಹುಮಟ್ಟಿಗೆ ನಿಂತಿರುವುದೇ ವೇಗದ ಮೇಲೆ. ವಾಹನದಿಂದ ಇಳಿದು ಮನೆಯ ಬಾಗಿಲುಗಳಲ್ಲಿ ನುಗ್ಗಬೇಕಿದ್ದ ಇರಾಕಿನ ಪಟ್ಟಣಗಳಲ್ಲಿ ಇದು ವರವೇ ಆಯಿತು. ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಮಾತ್ರ ಎದುರಾಳಿಗಳು ದೂರದ ಏಣುಗಳಿಂದ ಮೆಷಿನ್‌ಗನ್ನುಗಳಲ್ಲಿ ಹೊಡೆದಾಗ ಈ ಗಿಡ್ಡ ನಳಿಗೆಯವರು ಪೇಚಿಗೆ ಸಿಕ್ಕರು. ಅಮೆರಿಕದ ಸೈನ್ಯಾಧಿಕಾರಿ ಥಾಮಸ್ ಎರ್‌ಹಾರ್ಟ್ 2009ರಲ್ಲಿ ಬರೆದ ಪ್ರಬಂಧದ ಕಾಳಜಿಯೇ ಈ ದೂರವನ್ನು ಮರಳಿ ಗಳಿಸುವುದು ಹೇಗೆ ಎಂಬುದು. ಜಜೈಲಿನ ಕಣಿವೆಗಳು ಆಗ ನನ್ನ ಕಣ್ಣಮುಂದೆ ಬಂದವು. ಎರಡೂ ಸಲ ಹೊರಗಿನಿಂದ ಬಂದ ಸೈನ್ಯ ಬೇರೊಂದು ನೆಲಕ್ಕೆ ನಿಗದಿಯಾದ ಅಳತೆಯನ್ನು ಹೊತ್ತು ಈ ಬೆಟ್ಟಗಳಿಗೆ ಬಂದಿತ್ತು.

2022ರಲ್ಲಿ ಅಮೆರಿಕದ ಸೈನ್ಯ ಆರಿಸಿದ ಹೊಸ ರೈಫಲ್ಲಿನ ನಳಿಗೆ ಇನ್ನೂ ಗಿಡ್ಡ, ಸುಮಾರು 13 ಇಂಚು. ಕಳೆದ ವೇಗವನ್ನು ಅತಿ ಹೆಚ್ಚು ಒತ್ತಡದ, ದಪ್ಪ ತೋಟಾದಿಂದ ತುಂಬಿಕೊಂಡಿದ್ದಾರೆ. ಹಾಗಾಗಿ ರೈಫಲ್ ಎಂ4ಗಿಂತ ಭಾರ, ತೋಟಾಗಳೂ ಭಾರ, ಒಬ್ಬ ಸೈನಿಕ ಹೊರಬಲ್ಲ ತೋಟಾಗಳ ಸಂಖ್ಯೆ ಕಡಿಮೆ. ಹಿಂದೆ ಐದು ಇಂಚು ಬಯೊನೆಟ್ಟಿಗೆ ವರ್ಗವಾದಂತೆ ಈಗ ಅದು ಸೈನಿಕನ ಹೆಗಲಿಗೆ ವರ್ಗವಾಗಿದೆ.

ಆದ್ದರಿಂದ ‘ನಳಿಗೆ ಎಷ್ಟುದ್ದ ಇರಬೇಕು’ ಎಂದು ಕೇಳಿದರೆ ಚರಿತ್ರೆ ಮರುಪ್ರಶ್ನೆ ಹಾಕುತ್ತದೆ: ಯಾರ ಕೈಗೆ, ಯಾವ ನೆಲದಲ್ಲಿ, ಯಾರ ಖರ್ಚಿನಲ್ಲಿ? 39 ಎಂದವರು ವ್ಯಾಪಾರಿಗಳು, 25.2 ಎಂದದ್ದು ಸೋಲಿನ ಹೊಸ್ತಿಲು ಕಂಡುಬಂದ ಸಾಮ್ರಾಜ್ಯ, 16 ಎಂದದ್ದು ಕಾಯ್ದೆ. ಕಾಬೂಲಿನ ದಾರಿಯಲ್ಲಿ ಸತ್ತ ಸಿಪಾಯಿಯನ್ನಾಗಲಿ, 1962ರಲ್ಲಿ ಹಿಮದಲ್ಲಿ ಬೋಲ್ಟು ಎಳೆದ ಜವಾನನನ್ನಾಗಲಿ ಈ ಲೆಕ್ಕ ಹಾಕುವಾಗ ಯಾರೂ ಕೇಳಿರಲಿಲ್ಲ. ಆಯುಧಗಳ ಚರಿತ್ರೆಯನ್ನು ಕಾರ್ಖಾನೆಯ ನಕ್ಷೆಗಳಿಂದ ಅಲ್ಲದೆ ಅವರ ಕಡೆಯಿಂದ ಬರೆಯುವ ಕೆಲಸ ಇನ್ನೂ ಬಹಳಷ್ಟು ಬಾಕಿಯಿದೆ.