ಮೂಗು ಮತ್ತು ಯಂತ್ರ: ಇಬ್ಬರು ಕಾವಲುಗಾರರು

ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಒಂದು ಕೆಟ್ಟ ವಾಸನೆ ನಮ್ಮನ್ನು ಎಚ್ಚರಿಸುತ್ತದೆ. ಆದರೆ ಆ ವಾಸನೆ ಗ್ಯಾಸಿನದಲ್ಲ ಎಂಬುದು ನಿಮಗೆ ಗೊತ್ತೆ? ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಂಧಕಯುಕ್ತ ವಸ್ತುವನ್ನು ಬೇಕೆಂದೇ ಅದಕ್ಕೆ ಬೆರೆಸುತ್ತಾರೆ. ಇಂತಹ ಬೆರಕೆ ಕಾನೂನಾದದ್ದರ ಹಿಂದೆ ಒಂದು ದುರಂತವಿದೆ.

1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ನೈಸರ್ಗಿಕ ಅನಿಲ ಸೋರಿ ಕಟ್ಟಡದ ಅಡಿಯಲ್ಲಿ ತುಂಬಿಕೊಂಡಿತ್ತು. ವಾಸನೆಯಿಲ್ಲದ ಕಾರಣ ಯಾರಿಗೂ ತಿಳಿಯಲಿಲ್ಲ. ವಿದ್ಯುತ್ ಉಪಕರಣವೊಂದರ ಕಿಡಿ ತಗುಲಿ ಕಟ್ಟಡ ಸಿಡಿಯಿತು. ಸುಮಾರು 300 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಅದೇ ವರ್ಷ ಟೆಕ್ಸಾಸ್ ರಾಜ್ಯವು ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಹೀಗೆ ಮನುಷ್ಯನ ಮೂಗೇ ಕಾವಲಿಗೆ ನಿಂತಿತು.

ಈ ಕಾವಲುಗಾರ ಬಲು ಸೂಕ್ಷ್ಮ. ಗಾಳಿಯ ನೂರು ಕೋಟಿ ಅಣುಗಳ ನಡುವೆ ಮರ್‌ಕ್ಯಾಪ್ಟನ್ನಿನ ಕೆಲವೇ ಅಣುಗಳಿದ್ದರೂ ಹಿಡಿಯಬಲ್ಲದು. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾಗ್ರಾಹಕಗಳಿವೆ. ಇಂತಹ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಬೆಳಕಿಗೆ ತಂದರು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಒಂದೊಂದು ವಾಸನೆಯೂ ಹಲವು ಗ್ರಾಹಕಗಳನ್ನು ಒಟ್ಟಿಗೆ ಪ್ರಚೋದಿಸುತ್ತದೆ. ಆ ವಿನ್ಯಾಸವನ್ನು ಮಿದುಳು ಗುರುತಿಸುತ್ತದೆ.

ಆದರೆ ಮೂಗು ದಣಿಯುತ್ತದೆ. ಒಂದೇ ವಾಸನೆಯ ನಡುವೆ ಸ್ವಲ್ಪ ಹೊತ್ತು ಕುಳಿತರೆ ಅದಕ್ಕೆ ಒಗ್ಗಿಹೋಗುತ್ತದೆ. ಗಾಢ ನಿದ್ರೆಯಲ್ಲಿ ಅದನ್ನು ನಂಬುವಂತಿಲ್ಲ. ನೆಗಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. 2020ರಲ್ಲಿ ಜಗತ್ತಿಗೆಲ್ಲ ಹಬ್ಬಿದ ಕೋವಿಡ್ ಅನೇಕರ ಘ್ರಾಣಶಕ್ತಿಯನ್ನೇ ಕಸಿಯಿತು.

ಈ ಕೊರತೆ ತುಂಬಲು ಎರಡನೆಯ ಕಾವಲುಗಾರ ಬಂದ. ಜಪಾನಿನ ನಾವೊಯೋಶಿ ತಾಗುಚಿ 1960ರ ದಶಕದಲ್ಲಿ ಅನಿಲ ಸಂವೇದಕವನ್ನು ರೂಪಿಸಿದರು. ಬಿಸಿಯಾದ ತವರದ ಆಕ್ಸೈಡಿಗೆ ಉರಿಯುವ ಅನಿಲ ತಗುಲಿದರೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಗಂಟೆ ಬಾರಿಸಲು ಅಷ್ಟು ಸಾಕು. ಇದಕ್ಕೆ ನಿದ್ರೆಯಿಲ್ಲ. ಆದರೆ ಬಂದದ್ದು ಅಡುಗೆ ಅನಿಲವೋ ಮದ್ಯಸಾರದ ಆವಿಯೋ ಎಂದು ಒಂಟಿ ಸಂವೇದಕ ಖಚಿತವಾಗಿ ಹೇಳಲಾರದು.

1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಮೂಗಿನಿಂದಲೇ ಪಾಠ ಕಲಿತರು. ಮೂರು ಸಂವೇದಕಗಳನ್ನು ಜೋಡಿಸಿ, ಅವುಗಳ ಸಂಕೇತಗಳನ್ನು ಹೋಲಿಸಿ ಬೇರೆಬೇರೆ ವಾಸನೆಗಳನ್ನು ವಿಂಗಡಿಸಿದರು. ಇದೇ ಎಲೆಕ್ಟ್ರಾನಿಕ್ ಮೂಗಿನ ತಳಹದಿ. ಆದರೂ ಯಂತ್ರ ಗುರುತಿಸುವುದು ತನಗೆ ಕಲಿಸಿದ ವಾಸನೆಗಳನ್ನು ಮಾತ್ರ. ಗಾಳಿಯ ತೇವವೂ ಅದನ್ನು ದಾರಿ ತಪ್ಪಿಸಬಲ್ಲದು.

ಆದ್ದರಿಂದ ಒಂದನ್ನು ನೆನಪಿಡಿ. ಗ್ಯಾಸಿನ ವಾಸನೆ ಬಂದು ಆಮೇಲೆ ಕಡಿಮೆಯಾದಂತೆ ತೋರಿದರೆ ಸೋರಿಕೆ ನಿಂತಿತೆಂದು ತಿಳಿಯಬೇಡಿ. ದಣಿದಿರುವುದು ನಿಮ್ಮ ಮೂಗೇ ಇರಬಹುದು. ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ರೆಗ್ಯುಲೇಟರ್ ಮುಚ್ಚಿ ಕಿಟಕಿ ಬಾಗಿಲು ತೆರೆಯಿರಿ. ಮನೆಯವರಿಗೂ ಇದನ್ನು ಹೇಳಿಕೊಡಿ.