ಕರೆಂಟ್ ಹೋದ ಸುದ್ದಿ ಹೇಳೋರು ಯಾರು? (ನಮ್ಮೂರ ಇತಿಹಾಸ, ಭಾಗ 5)

ಮೊದಲ ಫೋಟೋದಲ್ಲಿರೋ ಬಾಗಿದ ಕಂಬ ನಮ್ಮ ತೋಟದ ಬೇಲಿ ಪಕ್ಕದ್ದು. ಹೋದ ವರ್ಷ ಭರಣಿ ಮಳೆ ಹೊತ್ತಲ್ಲಿ ಒಂದು ಸಂಜೆ ಜೋರು ಗಾಳಿ ಎದ್ದು, ಹಲಸಿನ ಕೊಂಬೆ ಮುರಿದು ತಂತಿ ಮೇಲೆ ಬಿತ್ತು. ಕರೆಂಟ್ ಹೋಯ್ತು. ನಮ್ಮ ಕೇರಿಯಲ್ಲಿ ಇರೋದು ಹನ್ನೊಂದು ಮನೆ. ಹನ್ನೊಂದು ಮನೆಯವರೂ "ಯಾರಾದ್ರೂ ಫೋನ್ ಮಾಡಿರ್ತಾರೆ ಬಿಡು" ಅಂದ್ಕೊಂಡು ಮಲಗಿದ್ವಿ.

ಬೆಳಗ್ಗೆ ನೋಡಿದ್ರೆ ಪಕ್ಕದ ಮನೆ ದೊಡ್ಡಮ್ಮನ ಹಸು ತೋಟದಲ್ಲಿ ಸತ್ತು ಬಿದ್ದಿತ್ತು. ತುಂಡಾದ ತಂತಿ ಹುಲ್ಲಿನೊಳಗೆ ಬಿದ್ದಿತ್ತು. ತುಂಡಾದ ಜಾಗದಿಂದ ಈಚೆ ನಮ್ಮ ಮನೆಗಳಿಗೆ ಕರೆಂಟ್ ಇರಲಿಲ್ಲ, ನಿಜ. ಆದರೆ ಆಚೆ ತುದಿಗೆ ಟಿಸಿಯಿಂದ ರಾತ್ರಿಯಿಡೀ ಬರ್ತಾನೇ ಇತ್ತು.

ಪವರ್‌ಮ್ಯಾನ್ ಅಣ್ಣ ಬಂದವರೇ ಕೇಳಿದ್ದು, "ರಾತ್ರಿನೇ ಯಾಕೆ ಹೇಳ್ಲಿಲ್ಲ?" ನನಗೆ ಸಿಟ್ಟು ಬಂತು. ನಾವ್ ಯಾಕೆ ಹೇಳ್ಬೇಕು, ಅಲ್ಲಿ ಗೊತ್ತಾಗಲ್ವಾ ಅಂದೆ. "ಗೊತ್ತಾಗಲ್ಲ" ಅಂದ್ರು. ಅದು ಹೇಗೆ ಅಂತ ಹುಡುಕ್ತಾ ಹುಡುಕ್ತಾ 1902ರ ತನಕ ಹೋದೆ.

ಆ ವರ್ಷ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರೀತು. ಸುಮಾರು 147 ಕಿಲೋಮೀಟರ್ ಲೈನ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನ್‌ಗಳ ಸಾಲಿಗೆ ಸೇರಿದ್ದು. ಈ ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ರು, ಪಾಪ, ನೋಡ್ಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಅಷ್ಟುದ್ದ ಲೈನಿನ ತುದಿಯಲ್ಲಿದ್ದ ಗಿರಾಕಿ ಒಂದೇ: ಗಣಿ. ಲೈನ್ ನಿಂತ್ರೆ ಗಣಿಯ ಯಂತ್ರಾನೇ ನಿಲ್ತಿತ್ತು. ಕರೆಂಟ್ ಹೋಯ್ತು ಅಂತ ಹೇಳೋಕೆ ಬೇರೆ ಯಾರೂ ಬೇಕಿರಲಿಲ್ಲ.

ಆಗಲೂ ಹವಾಮಾನದ ಕಾಟ ಇದ್ದೇ ಇತ್ತು, ಆದರೆ ಬೇರೆ ಥರ. ಬೇಸಿಗೆಯಲ್ಲಿ ಕಾವೇರಿ ಸೊರಗಿದ್ರೆ ಟರ್ಬೈನಿಗೆ ನೀರು ಸಾಲ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗೋಕೆ ಮಂಡ್ಯದ ಗದ್ದೆಗಳಷ್ಟೇ ಅಲ್ಲ, ಗಣಿಗೆ ವರ್ಷಪೂರ್ತಿ ಕರೆಂಟ್ ಕೊಡಬೇಕು ಅನ್ನೋದೂ ಕಾರಣ. ಶಾಲೆಯ ಪಾಠದಲ್ಲಿ ನಾನು ಇದನ್ನ ಓದಿದ ನೆನಪಿಲ್ಲ.

1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅದರ ಬೆನ್ನಿಗೇ ಶರಾವತಿ. ನಮ್ಮ ಮಲೆನಾಡಿನ ಮಳೆ ನಾಡಿಗೆಲ್ಲ ಕರೆಂಟ್ ಆಯ್ತು. ಆ ಹಿನ್ನೀರಿಗೆ ಮನೆ ಕೊಟ್ಟು ಎದ್ದು ಹೋದ ಎಷ್ಟೋ ಸಂಸಾರ ಮಾತ್ರ ದಶಕಗಟ್ಟಲೆ ಚಿಮಣಿ ದೀಪದಲ್ಲೇ ಕೂತ್ಕೊಂಡ್ವು. ಅದರ ಬಗ್ಗೆ ಬೇರೆ ಭಾಗವೇ ಬರೀಬೇಕು.

ಆಮೇಲೆ ಲೈನು ಕಾಡು, ಗುಡ್ಡ, ತೋಟ ಎಲ್ಲಾ ಹೊಕ್ಕಿತು. ಕರೆಂಟ್ ಹೋಗಿದ್ದು ಕಾಣಿಸದೆ ಹೋಗಿದ್ದು ಇಲ್ಲೇ. ಸಬ್‌ಸ್ಟೇಷನ್‌ನಿಂದ ಹೊರಡೋದು 11,000 ವೋಲ್ಟಿನ ಫೀಡರ್. ಆ ಫೀಡರ್ ಟ್ರಿಪ್ ಆದ್ರೆ ಅಲ್ಲಿ ಕೂತಿರೋ ಆಪರೇಟರ್‌ಗೆ ತಕ್ಷಣ ಗೊತ್ತಾಗುತ್ತೆ. ಆದರೆ ಊರಿನ ಟಿಸಿ ಅದನ್ನ ಇಳಿಸಿ ಮನೆಗಳಿಗೆ ಕಳಿಸ್ತದಲ್ಲ, ಆ ಕಡೆ ಫ್ಯೂಸ್ ಹೋದ್ರೂ, ಜಂಪ್ ಕಟ್ ಆದ್ರೂ, ತಂತಿ ಬಿದ್ರೂ ಸಾಮಾನ್ಯವಾಗಿ ಅಲ್ಲಿಗೆ ಸುದ್ದಿ ಹೋಗಲ್ಲ. ಇನ್ನೂ ಭಯದ ವಿಷಯ ಹೇಳ್ತೀನಿ: ಕೆಲವೊಮ್ಮೆ 11,000 ವೋಲ್ಟಿನ ತಂತಿಯೇ ನೆಲಕ್ಕೆ ಬಿದ್ರೂ ಫೀಡರ್ ಟ್ರಿಪ್ ಆಗಲ್ಲ. ಒಣ ನೆಲ, ಕಲ್ಲು ಇದ್ರೆ ಭೂಮಿಗೆ ಹರಿಯೋ ಕರೆಂಟ್ ತೀರಾ ಕಡಿಮೆ. ರಿಲೇಗೆ ಅದು ಮಾಮೂಲಿ ಲೋಡ್ ಥರಾನೇ ಕಾಣುತ್ತೆ. ಮುಟ್ಟಿದ ಜೀವಕ್ಕೆ ಮಾತ್ರ ಅಷ್ಟೇ ಸಾಕು.

2012ರ ಜುಲೈ 30, 31 ನೆನಪಿದೆಯಾ? ನಾವೆಲ್ಲ ಆಗ ತುಂಬಾ ಚಿಕ್ಕವರು. ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನರಿರೋ ಪ್ರದೇಶ ಕತ್ತಲಾಯ್ತು. ನಮಗೆ ಏನೂ ಆಗ್ಲಿಲ್ಲ, ಯಾಕಂದ್ರೆ ದಕ್ಷಿಣದ ಗ್ರಿಡ್ ಆಗ ಬೇರೆ ಇತ್ತು. ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ಒಂದಾಗಿದ್ದು 2013ರ ಡಿಸೆಂಬರ್ 31ಕ್ಕೆ. ಆ ಕತ್ತಲೆ ಜಗತ್ತಿಗೇ ಗೊತ್ತಾಯ್ತು. ಹನ್ನೊಂದು ಮನೆಯ ಕತ್ತಲೆ ಗೊತ್ತಾಗಬೇಕಂದ್ರೆ ಆ ಹನ್ನೊಂದರಲ್ಲಿ ಒಬ್ಬರು ಬಾಯಿ ಬಿಡಬೇಕು.

ನಮ್ಮಜ್ಜಿ ಕಾಲದಲ್ಲಿ ಬಾಯಿ ಬಿಡೋದು ಅಂದ್ರೆ ಯಾರನ್ನಾದ್ರೂ ಲೈನ್‌ಮ್ಯಾನ್ ಮನೆಗೆ ಓಡಿಸೋದು. ಈಗ 1912. ಕೆಇಬಿ ಹುಟ್ಟಿದ್ದು 1957ರಲ್ಲಿ, 1999ಕ್ಕೆ ಅದು ಕೆಪಿಟಿಸಿಎಲ್ ಆಯ್ತು, 2002ರಲ್ಲಿ ವಿತರಣೆಗೆ ಬೇರೆ ಬೇರೆ ಕಂಪನಿ ಬಂದ್ವು. ಅಜ್ಜಿ ಈಗಲೂ ಹೇಳೋದು, "ಕೆಇಬಿಯವ್ರಿಗೆ ಫೋನ್ ಮಾಡೋ." ನಾನೂ ಹಾಗೇ ಅಂತೀನಿ, ನೀವೂ ಅಂತೀರಿ.

ಈ ಸಲದ ಮೊದಲ ಗಾಳಿಮಳೆಗೆ ನಾನೇ ಫೋನ್ ಮಾಡಿದೆ. ಬಿಲ್ಲಿನಲ್ಲಿರೋ ಆರ್‌ಆರ್ ನಂಬರ್, ಟಿಸಿ ಎಲ್ಲಿದೆ, ತಂತಿ ನೆಲಕ್ಕೆ ಬಿದ್ದಿದೆಯಾ ಇಲ್ವಾ, ಇಷ್ಟನ್ನೂ ಹೇಳಿದೆ. ಕೊನೇದು ಹೇಳೋದು ಪವರ್‌ಮ್ಯಾನ್‌ಗಳ ಜೀವಕ್ಕೂ ಮುಖ್ಯ. ಆ ಕತ್ತಲಲ್ಲಿ, ಜಾರೋ ಗದ್ದೆ ಅಂಚಲ್ಲಿ ಟಾರ್ಚ್ ಹಿಡ್ಕೊಂಡು ಬರೋರು ಅವರೇ ಅಲ್ವಾ. ರಾತ್ರಿ ಹತ್ತೂವರೆಗೆ ಇಬ್ಬರು ಬಂದ್ರು. ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೊಂಡು, ಅದು ಖಾತ್ರಿಯಾಗೋ ತನಕ ಕಂಬದ ಬುಡದಲ್ಲೇ ನೆನೀತಾ ನಿಂತಿದ್ರು. ದೊಡ್ಡಮ್ಮ ಅವರಿಗೆ ಬಿಸಿ ಬಿಸಿ ಕಾಫಿ ತಂದುಕೊಟ್ರು. ಹಸುವಿನ ಮಾತು ಯಾರೂ ಎತ್ತಲಿಲ್ಲ.

ಕೊನೆಯ ಫೋಟೋ ದೊಡ್ಡಮ್ಮನ ಅಡುಗೆಮನೆ ಗೋಡೆ. ಕ್ಯಾಲೆಂಡರ್ ಪಕ್ಕ ಸೀಮೆಸುಣ್ಣದಲ್ಲಿ ಬರ್ದಿರೋದು ಟಿಸಿ ನಂಬರ್.